ಪೆಂಡಿಂಗ್ ಬಿಲ್ಲು ಮತ್ತು ಸಾಕ್ಷಿ

ಓದುಗರ ಪತ್ರ: "ಸಂಪಾದಕರಿಗೆ ಕ್ರಿಸ್ತನಲ್ಲಿ ವಂದನೆಗಳು. ನಾನು ಒಂದು ಕಂಪನೀಲಿ ಅಕೌಂಟ್ಸ್ ಸೆಕ್ಷನ್‌ನಲ್ಲಿದ್ದೀನಿ. ಇಷ್ಟು ವರ್ಷ ಆದ್ರೂ ಆಫೀಸಲ್ಲಿ ಒಬ್ಬರಿಗೂ ಯೇಸುವಿನ ಬಗ್ಗೆ ಹೇಳೋಕೆ ಧೈರ್ಯ ಬಂದಿಲ್ಲ. ಸ್ತ್ರೀಯರ ಕೂಟದಲ್ಲಿ ಒಬ್ಬ ಆಂಟಿ 'ದೀಪ ಹಚ್ಚಿ ಕೊಳಗದ ಕೆಳಗೆ ಇಟ್ಕೊಂಡಿದ್ದೀಯ' ಅಂದ್ರು, ಅವತ್ತಿಂದ ಮನಸ್ಸಿಗೆ ಸಮಾಧಾನ ಇಲ್ಲ. ಟೇಬಲ್ ಮೇಲೆ ವಾಕ್ಯದ ಕಾರ್ಡ್ ಇಡ್ಲಾ, ಊಟದ ಟೈಮಲ್ಲಿ ಕರಪತ್ರ ಕೊಡ್ಲಾ? ನನ್ನ ಕೆಲಸದಲ್ಲಿ ಆತ್ಮಿಕವಾದದ್ದು ಏನೂ ಇಲ್ಲ. ದುಡ್ಡು ಟೈಟ್ ಇದ್ದಾಗ ಮ್ಯಾನೇಜರ್ ಹೇಳಿದ ಹಾಗೆ ಸಣ್ಣ ವೆಂಡರ್‌ಗಳ ಬಿಲ್ಲಿಗೆ ಏನಾದ್ರೂ ಕ್ವೆರಿ ಹಾಕಿ ವಾಪಸ್ ಕಳಿಸೋದು, ದೊಡ್ಡೋರ್ದು ಕ್ಲಿಯರ್ ಮಾಡೋದು, ಇಷ್ಟೇ. ದಾರಿ ತೋರಿಸಿ." (ಹೆಸರು ಬೇಡ ಅಂದಿದ್ದಾರೆ)

ಸಿಸ್ಟರ್, ಮೊದ್ಲು ಆ ಆಂಟಿ ಪರವಾಗಿ ಒಂದು ಮಾತು ಹೇಳಿ ಮುಗಿಸಿಬಿಡ್ತೀನಿ. ಬಾಯಿ ಬಿಟ್ಟು ಹೇಳೋದೂ ಬೇಕು, ಇಲ್ಲ ಅನ್ನಲ್ಲ. "ಸದಾ ಸುವಾರ್ತೆ ಸಾರು, ಬೇಕಾದ್ರೆ ಮಾತ್ರ ಮಾತು ಬಳಸು" ಅಂತ ಅಸ್ಸಿಸಿಯ ಸಂತ ಫ್ರಾನ್ಸಿಸ್ ಹೆಸರಲ್ಲಿ ಒಂದು ಫಾರ್ವರ್ಡ್ ಬರ್ತಾ ಇರುತ್ತಲ್ಲ, ಅದು ಅವರ ಬರಹದಲ್ಲಿ ಎಲ್ಲೂ ಸಿಗಲ್ಲ. ಆ ಮನುಷ್ಯ ಬಾಯ್ತುಂಬ ಸಾರಿದೋರು, 1219ರಲ್ಲಿ ಯುದ್ಧ ನಡೀತಿದ್ದಾಗ್ಲೇ ಈಜಿಪ್ಟಿನ ಸುಲ್ತಾನನ ಎದುರಿಗೆ ಹೋಗಿ ಮಾತಾಡಿ ಬಂದೋರು. ಆದ್ರೆ 1221ರಲ್ಲಿ ತಮ್ಮ ಸಂಗಡದ ಸನ್ಯಾಸಿ ಸಹೋದರರಿಗೆ ಮಾಡಿಟ್ಟ ನಿಯಮದಲ್ಲಿ, ಪ್ರಸಂಗ ಮಾಡೋಕೆ ಅನುಮತಿ ಬೇಕು, ಕ್ರಿಯೆಯಿಂದ ಸಾರೋದು ಮಾತ್ರ ಎಲ್ಲರ ಪಾಲಿಗೂ ಅಂತ ಅವರೇ ಬರೆಸಿದ್ದಾರೆ. ಅನುಮತಿ ಯಾವುದಕ್ಕೆ ಬೇಕು, ಯಾವುದಕ್ಕೆ ಬೇಡ, ನೋಡ್ಕೊಳ್ಳಿ. ಆಂಟಿಗೆ ಇಷ್ಟು ಸಾಕು.

ಯಾಕಂದ್ರೆ ಅವರು ನಿಮ್ಮ ಮೇಲೆ ಎಸೆದ ವಾಕ್ಯಾನ ಅವರು ಪೂರ್ತಿ ಓದಿಲ್ಲ. ದೀಪ ಹಚ್ಚಿ ಕೊಳಗದ ಕೆಳಗೆ ಮುಚ್ಚಿಡಲ್ಲ ಅನ್ನೋ ಮತ್ತಾಯ 5:15ಕ್ಕೆ ನಿಲ್ಲಿಸಿದ್ದಾರೆ, ಮುಂದಿನ ವಚನಾನೇ ಬಿಟ್ಟಿದ್ದಾರೆ. ಜನ ನಿಮ್ಮ ಬೆಳಕಲ್ಲಿ ಏನು ನೋಡ್ಬೇಕು ಅಂತ ಯೇಸು ಅಲ್ಲೇ ಹೇಳಿದ್ದಾನೆ, ನಿಮ್ಮ ಒಳ್ಳೇ ಕ್ರಿಯೆಗಳನ್ನ ನೋಡಿ ಪರಲೋಕದ ತಂದೇನ ಕೊಂಡಾಡಬೇಕು. ಕಾರ್ಡು, ಕರಪತ್ರ ಎರಡೂ ಅಲ್ಲಿಲ್ಲ. ಪಲ್ಪಿಟ್‌ನಿಂದ ಈ ಭಾಗ ಎಷ್ಟು ಸಲ ಕೇಳಿದ್ದೀನೋ, ಹದಿನಾರನೇ ವಚನಕ್ಕೆ ಬರೋ ಹೊತ್ತಿಗೆ ಎಲ್ರಿಗೂ ಟೈಮ್ ಮುಗಿದಿರುತ್ತೆ.

ಈಗ ನಿಮ್ಮ ವಿಷ್ಯ. ನಿಮ್ಮ ಪತ್ರದಲ್ಲಿ ಕೊಳಗ, ಕಾರ್ಡು ಎಲ್ಲ ನನ್ನನ್ನ ಅಷ್ಟು ತಡೀಲಿಲ್ಲ, ಕೊನೇಲಿ "ಇಷ್ಟೇ" ಅಂತ ಬರೆದ್ರಲ್ಲ, ಅಲ್ಲಿ ನಿಂತೆ. ಆತ್ಮಿಕವಾದದ್ದು ಏನೂ ಇಲ್ಲ ಅಂತ ಹೇಳಿದ ಬಾಯಲ್ಲೇ ಸಣ್ಣೋರ ಬಿಲ್ಲು ವಾಪಸ್ ಕಳಿಸೋ ಸುದ್ದೀನೂ ಹೇಳಿದ್ದೀರಿ, ಬೇಜಾರು ಮಾಡ್ಕೋಬೇಡಿ, ನಿಮ್ಮ ಇಡೀ ಪತ್ರದಲ್ಲಿ ಅತಿ ಆತ್ಮಿಕವಾದ ವಾಕ್ಯ ಅದೊಂದೇ. ಕ್ವೆರಿ ಹೇಗಿರುತ್ತೆ ಅಂತ ನಂಗೂ ಗೊತ್ತು. ಚಲನ್ ಮೇಲೆ ಸೀಲ್ ಸರಿಯಾಗಿ ಕಾಣ್ತಿಲ್ಲ, ಆರ್ಡರ್ ನಂಬರ್‌ನಲ್ಲಿ ಒಂದು ಅಂಕಿ ಬಿಟ್ಟಿದೆ, ಸಹಿ ಗೆರೆಯಿಂದ ಹೊರಗೆ ಹೋಗಿದೆ. ಅವನು ಸರಿ ಮಾಡಿಸ್ಕೊಂಡು ಬರೋ ಹೊತ್ತಿಗೆ ಆ ತಿಂಗಳ ಪೇಮೆಂಟ್ ಲಿಸ್ಟ್ ಕ್ಲೋಸ್ ಆಗಿರುತ್ತೆ, ಕಾಗದದ ಮೇಲೆ ನೋಡಿದ್ರೆ ಯಾರೂ ಏನೂ ತಪ್ಪು ಮಾಡಿಲ್ಲ, ಆದ್ರೆ ಅವನ ಕೈಕೆಳಗೆ ಕೆಲಸ ಮಾಡೋ ಮೂರ್ನಾಲ್ಕು ಜನಕ್ಕೆ ಅವತ್ತು ಸಂಬಳ ಇಲ್ಲ. ಕೂಲಿಯವನ ಕೂಲಿ ಬೆಳಗಿನ ತನಕ ನಿನ್ನ ಹತ್ರ ಇರಬಾರದು ಅಂತ ಯಾಜಕಕಾಂಡ 19ರಲ್ಲಿ ಇದೆ, ಹೊತ್ತು ಮುಳುಗೋದ್ರೊಳಗೆ ಕೊಡು, ಅವನು ಬಡವ, ಅದರ ಮೇಲೇ ಮನಸ್ಸಿಟ್ಕೊಂಡಿರ್ತಾನೆ ಅಂತ ಧರ್ಮೋಪದೇಶಕಾಂಡ 24ರಲ್ಲಿ ಇದೆ. ಯಾಕೋಬ 5:4 ಇನ್ನೂ ಖಾರ, ಹಿಡಿದಿಟ್ಟ ಕೂಲೀನೇ ಕೂಗ್ತಾ ಇದೆ, ಆ ಕೂಗು ಸೇನಾಧೀಶ್ವರನಾದ ಕರ್ತನ ಕಿವಿಗೆ ಬಿದ್ದಿದೆ ಅಂತ. ನಿಮ್ಮ ಪೆಂಡಿಂಗ್ ಫೈಲ್ ಅಲ್ಲಿ ಕೇಳಿಸ್ತಾ ಇದೆ ಸಿಸ್ಟರ್.

ಮೊದಲ ಕಾಲದ ಕ್ರೈಸ್ತರಿಗೆ ಇದು ಚೆನ್ನಾಗಿ ಗೊತ್ತಿತ್ತು. ಕ್ರಿ.ಶ. 112ರ ಆಸುಪಾಸಲ್ಲಿ ಪ್ಲಿನಿ ಅನ್ನೋ ರೋಮನ್ ಗವರ್ನರ್ ಟ್ರಾಜನ್ ಚಕ್ರವರ್ತಿಗೆ ಒಂದು ಪತ್ರ ಬರೀತಾನೆ. ಈ ಕ್ರೈಸ್ತರು ಏನು ಮಾಡ್ತಾರೆ ಅಂತ ವಿಚಾರಣೆ ಮಾಡಿದೆ, ಗೊತ್ತಾದ ದಿನ ಬೆಳಕು ಹರಿಯೋ ಮುಂಚೆ ಸೇರ್ತಾರಂತೆ, ಕ್ರಿಸ್ತನನ್ನ ದೇವರು ಅಂತ ಹಾಡ್ತಾರಂತೆ, ಆಮೇಲೆ ಆಣೆ ಮಾಡ್ತಾರಂತೆ, ಕಳ್ಳತನ ಮಾಡಲ್ಲ, ವ್ಯಭಿಚಾರ ಮಾಡಲ್ಲ, ಕೊಟ್ಟ ಮಾತು ತಪ್ಪಲ್ಲ, ನಂಬಿ ಇಟ್ಟ ದುಡ್ಡು ವಾಪಸ್ ಕೇಳಿದಾಗ ಇಲ್ಲ ಅನ್ನಲ್ಲ ಅಂತ. ಸ್ವಲ್ಪ ಯೋಚನೆ ಮಾಡಿ, ಸಿಕ್ಕಿಬಿದ್ರೆ ಪ್ರಾಣಾನೇ ಹೋಗೋ ಕಾಲ, ಅಂಥಾ ಆರಾಧನೇಲಿ ಇವರು ಬಾಕಿ ಚುಕ್ತಾ ಮಾಡ್ತೀವಿ ಅಂತ ಆಣೆ ಇಡ್ತಾ ಇದ್ರು. ನಮ್ಮ ಆರಾಧನೇಲಿ ಆ ಐಟಂ ಯಾವಾಗ ಕಳೆದುಹೋಯ್ತು?

ಸಂತ ಬೆನೆಡಿಕ್ಟ್ ಆರನೇ ಶತಮಾನದಲ್ಲಿ ಮಠಗಳಿಗೆ ಒಂದು ನಿಯಮ ಬರೆದ್ರಲ್ಲ, ಅದನ್ನ ಜನ ಪ್ರಾರ್ಥನೆ ವೇಳಾಪಟ್ಟಿಗೋಸ್ಕರ ಓದ್ತಾರೆ, ನಾನು ಉಗ್ರಾಣದ ಅಧ್ಯಾಯಕ್ಕೋಸ್ಕರ ಓದ್ತೀನಿ. ಮಠದ ಪಾತ್ರೆ ಪಗಡ, ಸಾಮಾನು ಎಲ್ಲವನ್ನೂ ಉಗ್ರಾಣದೋನು ಯಜ್ಞವೇದಿಯ ಪವಿತ್ರ ಪಾತ್ರೆ ಥರ ನೋಡ್ಕೋಬೇಕಂತೆ. ಅದೇ ನಿಯಮದ ಇನ್ನೊಂದು ಅಧ್ಯಾಯದಲ್ಲಿ, ಮಠದಲ್ಲಿ ತಯಾರಾದ ವಸ್ತು ಮಾರುವಾಗ ದುರಾಸೆ ನುಸುಳದ ಹಾಗೆ ಹೊರಗಿನೋರಿಗಿಂತ ಸ್ವಲ್ಪ ಕಮ್ಮಿ ರೇಟಿಗೇ ಮಾರ್ಬೇಕಂತೆ. ಕ್ರೈಸ್ತರು ನಡೆಸೋ ಎಷ್ಟು ಸಂಸ್ಥೆಗಳ ಗೋಡೆ ಮೇಲೆ ವಾಕ್ಯ ನೋಡಿದ್ದೀನಿ, ರೇಟ್ ಲಿಸ್ಟಲ್ಲಿ ಈ ನಿಯಮ ನೋಡಿಲ್ಲ. ಇನ್ನು ಬ್ರದರ್ ಲಾರೆನ್ಸ್, 1691ರಲ್ಲಿ ತೀರಿಕೊಂಡ ಪ್ಯಾರಿಸ್ಸಿನ ಕಾರ್ಮೆಲೈಟ್ ಮಠದೋರು. ಅಡುಗೆಮನೇಲಿ ಕೆಲಸ ಮಾಡ್ತಾನೇ ದೇವರ ಸನ್ನಿಧೀಲಿ ಇದ್ರು ಅಂತ ಎಲ್ಲಾ ಪ್ರಸಂಗಿಗಳೂ ಹೇಳ್ತಾರೆ. ಅವರು ಪರ್ಚೇಸ್ ಡ್ಯೂಟಿನೂ ಮಾಡ್ತಿದ್ರು ಅನ್ನೋದನ್ನ ಮಾತ್ರ ಯಾರೂ ಹೇಳಲ್ಲ. ಮಠಕ್ಕೆ ವೈನ್ ಖರೀದಿ ಮಾಡೋಕೆ ಬರ್ಗಂಡಿಗೆ ಕಳಿಸಿದ್ರು, ಒಂದು ಕಾಲು ಊನ, ವ್ಯಾಪಾರ ಅಂದ್ರೆ ಆಗಲ್ಲ, ದೋಣೀಲಿ ಪೀಪಾಯಿಗಳ ಮೇಲೆ ಉರುಳ್ಕೊಂಡೇ ಓಡಾಡ್ಬೇಕಾಯ್ತು. ಇದು ನಿನ್ನ ಕೆಲಸಾನೇ ಕರ್ತಾ ಅಂತ ದೇವರಿಗೆ ಹೇಳಿ ಆ ಖರೀದಿ ಮುಗಿಸಿದ್ರು. ಅಲ್ಲಿಗೆ ನಿಮ್ಮ "ಆತ್ಮಿಕವಾದದ್ದು ಏನೂ ಇಲ್ಲ" ಅನ್ನೋ ಮಾತು ಬಿದ್ದುಹೋಯ್ತು.

ಇದನ್ನೆಲ್ಲ ನಿಮಗೆ ಯಾರೂ ಹೇಳಿಕೊಟ್ಟಿಲ್ಲ, ಅದು ನಿಮ್ಮ ತಪ್ಪಲ್ಲ. ದಶಮಾಂಶದ ಬಗ್ಗೆ, ಅಂದ್ರೆ ಆದಾಯದ ನೂರರಲ್ಲಿ ಹತ್ತು ಭಾಗ ದೇವರಿಗೆ ಕೊಡೋದರ ಬಗ್ಗೆ, ಪ್ರಸಂಗ ಕೇಳಿ ಕೇಳಿ ಕಿವಿ ತೂತಾಗಿದೆ, ಉಳಿದ ತೊಂಬತ್ತು ಭಾಗ ಎಲ್ಲಿಂದ ಬಂತು, ಯಾರ ಬಾಕಿ ಅದರಲ್ಲಿದೆ ಅಂತ ಒಂದು ಪ್ರಸಂಗಾನೂ ಇಲ್ಲ. ನಂಗೆ ಪರಿಚಯ ಇರೋ ಒಬ್ಬ ಪ್ರಿಂಟರ್ ಇದ್ದಾರೆ, ವಿಶ್ವಾಸಿ ಅಲ್ಲ, ಅವರು ನಗ್ತಾ ಒಂದು ಮಾತು ಹೇಳಿದ್ರು, "ಸಾರ್, ನಿಮ್ಮೋರ ಸಮಾವೇಶದ ಪೋಸ್ಟರ್ ನಾನು ಅಡ್ವಾನ್ಸ್ ಇಲ್ಲದೆ ಮುಟ್ಟಲ್ಲ." ಆ ಪೋಸ್ಟರ್ ಮೇಲೆ ದಪ್ಪ ಅಕ್ಷರದಲ್ಲಿ ಯೇಸು ನಿಮ್ಮ ಸಾಲ ತೀರಿಸಿದ್ದಾನೆ ಅಂತಾನೇ ಇತ್ತು. ಅವರಿಗೆ ಕರಪತ್ರ ಕೊಡೋಕೆ ಈಗ ಯಾರು ಹೋಗ್ತೀರಿ? ನಾನಂತೂ ಹೋಗಲ್ಲ, ನಂಗೆ ಮುಖ ಇಲ್ಲ. ನಮ್ಮ ಪತ್ರಿಕೆ ಚಂದಾ ಬಾಕಿ ಇಟ್ಕೊಂಡು "ನಿಮಗಾಗಿ ಪ್ರಾರ್ಥಿಸ್ತೀವಿ" ಅಂತ ಬರೆಯೋ ಮಹನೀಯರೂ ಇದ್ದಾರೆ, ಆ ಲಿಸ್ಟ್ ಇಲ್ಲಿ ಹಾಕಲ್ಲ, ಅವರು ಇದನ್ನ ಓದ್ತಾರೆ ಅಂತ ಗೊತ್ತು.

ಸಾಕ್ಷಿ ಹೇಳೋ ಟೈಮಲ್ಲೂ ಅಷ್ಟೇ. ಕೆಲಸ ಸಿಕ್ತು, ವೀಸಾ ಬಂತು, ಕಾಯಿಲೆ ವಾಸಿ ಆಯ್ತು, ಎಲ್ಲ ಸರಿ, ದೇವರಿಗೆ ಸ್ತೋತ್ರ. ಆದ್ರೆ ಲೂಕ 19ರಲ್ಲಿ ಸುಂಕ ವಸೂಲಿ ಮಾಡ್ತಿದ್ದ ಜಕ್ಕಾಯ ಎದ್ದು ನಿಂತು ಹೇಳಿದ್ದು ಬರೀ ಲೆಕ್ಕ, ಆಸ್ತೀಲಿ ಅರ್ಧ ಬಡವರಿಗೆ, ಮೋಸ ಮಾಡಿ ತಗೊಂಡಿದ್ರೆ ನಾಲ್ಕರಷ್ಟು ವಾಪಸ್. ಆ ಲೆಕ್ಕ ಕೇಳಿದ್ಮೇಲೇನೇ "ಈ ಹೊತ್ತು ಈ ಮನೆಗೆ ರಕ್ಷಣೆ ಆಯ್ತು" ಅಂತ ಯೇಸು ಅಂದಿದ್ದು.

ಸರಿ, ಏನು ಮಾಡ್ಬೇಕು ಅಂತ ಕೇಳ್ತೀರಿ. ಜಾನ್ ವುಲ್‌ಮನ್ ಅಂತ ಒಬ್ಬರಿದ್ರು, 1720ರಲ್ಲಿ ಹುಟ್ಟಿದೋರು, ಅಮೆರಿಕದ ನ್ಯೂಜೆರ್ಸಿ ಕಡೆಯ ಕ್ವೇಕರ್ ಅನ್ನೋ ಕ್ರೈಸ್ತ ಪಂಗಡದೋರು. ಯುವಕನಾಗಿದ್ದಾಗ ಅಂಗಡೀಲಿ ಗುಮಾಸ್ತ, ಹೆಚ್ಚುಕಮ್ಮಿ ನಿಮ್ಮದೇ ಕೆಲಸ. ಒಂದಿನ ಯಜಮಾನ ತನ್ನ ಗುಲಾಮ ಹೆಂಗಸನ್ನ ಮಾರಿಬಿಟ್ಟು, ಕ್ರಯಪತ್ರ ಬರಿ, ಕೊಳ್ಳೋನು ಕಾಯ್ತಾ ಇದ್ದಾನೆ ಅಂದ. ಅವರು ಬರೆದ್ರು. ಕೊಳ್ಳೋನೂ ಕ್ವೇಕರೇ, ವಯಸ್ಸಾದೋನು. ಬರೆದು, ಇದು ಕ್ರೈಸ್ತ ನಂಬಿಕೆಗೆ ಒಪ್ಪೋದಲ್ಲ ಅಂತ ಇಬ್ಬರ ಮುಂದೇನೇ ಹೇಳಿಬಿಟ್ರು. ಮನಸ್ಸು ಚುಚ್ಚೋದು ಮಾತ್ರ ಬಿಡ್ಲಿಲ್ಲ, ಮುಂದೆ ಇನ್ನೊಬ್ಬ ಅಂಥದ್ದೇ ಪತ್ರ ಬರೆಸೋಕೆ ಬಂದಾಗ ಆಗಲ್ಲ ಅಂದ್ರು. ಅವರಂಥೋರು ಅಷ್ಟಿಷ್ಟು ಜನ ಪಟ್ಟು ಹಿಡಿದು ಮಾತಾಡಿ ಮಾತಾಡಿ 1758ರಲ್ಲಿ ಫಿಲಡೆಲ್ಫಿಯಾದ ಕ್ವೇಕರ್ ಸಭೆ ಗುಲಾಮರನ್ನ ಕೊಂಡು ಮಾರೋರ ವಿರುದ್ಧ ನಿಂತಿತು, 1776ರಲ್ಲಿ ಗುಲಾಮರನ್ನ ಇಟ್ಕೊಂಡೋರನ್ನೇ ಸಭೆಯಿಂದ ಹೊರಗೆ ಹಾಕೋಕೆ ಶುರು ಮಾಡ್ತು. ಅಷ್ಟರಲ್ಲಿ ವುಲ್‌ಮನ್ ತೀರಿಹೋಗಿದ್ರು, 1772ರಲ್ಲೇ.

ನಿಮ್ಮದು ಅಷ್ಟು ಭಾರದ ವಿಷ್ಯ ಅಲ್ಲ, ಆದ್ರೆ ಮೆಟ್ಟಿಲು ಅದೇ. ಮ್ಯಾನೇಜರ್‌ಗೆ ನೇರವಾಗಿ ಹೇಳಿ, ದುಡ್ಡಿಲ್ಲ ಅಂದ್ರೆ ಇಲ್ಲ ಅಂತಾನೇ ಬರೀತೀನಿ, ಇಲ್ಲದ ತಪ್ಪು ಹುಡುಕಿ ಕ್ವೆರಿ ಹಾಕಲ್ಲ ಅಂತ. ಲಿಸ್ಟ್ ಮಾಡುವಾಗ ಸಣ್ಣೋರ ಬಿಲ್ಲು ಮೇಲಕ್ಕೆ ತರೋಕೆ ನಿಮ್ಮ ಕೈಲಾದಷ್ಟು ನೋಡಿ. ಅದೂ ಆಗಲ್ವಾ, ಆ ವೆಂಡರ್ ಫೋನ್ ಮಾಡಿದಾಗ ಎತ್ತಿ, ಯಾವ ತಾರೀಖಿಗೆ ಆಗುತ್ತೆ ಅಂತ ನಿಜ ಹೇಳಿ. ಬೆನೆಡಿಕ್ಟರ ಆ ಉಗ್ರಾಣದ ಅಧ್ಯಾಯದಲ್ಲೇ ಇದೂ ಇದೆ, ಕೊಡೋಕೆ ಏನೂ ಇಲ್ದಿದ್ರೆ ಒಂದು ಒಳ್ಳೇ ಮಾತಾದ್ರೂ ಕೊಡು ಅಂತ. ಕೆಲಸ ಬಿಡಿ ಅಂತ ನಾನು ಹೇಳಲ್ಲ, ಸ್ನಾನಿಕನಾದ ಯೋಹಾನನೂ ಸುಂಕದೋರಿಗೆ ಹಾಗೆ ಹೇಳ್ಲಿಲ್ಲ, ಗೊತ್ತು ಮಾಡಿರೋದಕ್ಕಿಂತ ಜಾಸ್ತಿ ಕಿತ್ಕೋಬೇಡಿ ಅಂದ ಅಷ್ಟೇ. ಯಾಕೆ ಹೀಗೆ ಮಾಡ್ತೀಯಮ್ಮ ಅಂತ ಆಫೀಸಲ್ಲಿ ಯಾರಾದ್ರೂ ಕೇಳೇ ಕೇಳ್ತಾರೆ, ಆಗ ಬಾಯಿ ಬಿಡಿ, ಆಂಟಿಗೂ ಸಮಾಧಾನ ಆಗುತ್ತೆ.

ಕಾರ್ಡ್ ಇಡ್ಲೇಬೇಕು ಅನ್ಸಿದ್ರೆ ಯಾಕೋಬ 5:4 ಬರೆದು ನಿಮ್ಮ ಕಡೆಗೆ ಮುಖ ಮಾಡಿ ಇಡಿ. ಮುಂದಿನ ಸ್ತ್ರೀಯರ ಕೂಟದಲ್ಲಿ ಸಾಕ್ಷಿ ಹೇಳೋಕೆ ನಿಮ್ಮನ್ನ ಕರೆದ್ರೆ ಈ ಬಿಲ್ಲುಗಳ ಕತೇನೇ ಹೇಳಿ, ಯಾರಾದ್ರೂ ಇದೆಲ್ಲ ಆತ್ಮಿಕ ವಿಷ್ಯ ಅಲ್ಲ ಅಂತ ತಡೆದ್ರೆ ನಮ್ಗೆ ಇನ್ನೊಂದು ಪತ್ರ ಬರೀರಿ, ಅದನ್ನೂ ಹಾಕ್ತೀನಿ.

ಸಂ.