ಮಗಳು ದಿನಾ ಹೋಗುವ ಆ ಸೆಂಟರ್

ಪ್ರಶ್ನೆ: ಮಗಳು ಅಮೆರಿಕದಲ್ಲಿ ಎಂ.ಎಸ್. ಮಾಡುತ್ತಿದ್ದಾಳೆ. ತಾನು ಲೆಸ್ಬಿಯನ್ ಎಂದು ಹೋದ ವರ್ಷ ಫೋನಿನಲ್ಲಿ ಹೇಳಿದಳು. ಯೂನಿವರ್ಸಿಟಿಯ ಎಲ್‌ಜಿಬಿಟಿ ಸೆಂಟರ್‌ಗೆ ದಿನಾ ಹೋಗುತ್ತಾಳಂತೆ. ಅಲ್ಲಿಯವರೇ ಇವಳ ತಲೆ ಕೆಡಿಸಿದರಾ? ನಾನೇ ಅವರಿಗೆ ಫೋನ್ ಮಾಡಲಾ? ಮೇ ತಿಂಗಳಲ್ಲಿ ‘ಲ್ಯಾವೆಂಡರ್ ಗ್ರಾಜುಯೇಶನ್’ ಇದೆ, ಬಾ ಅಂತಾಳೆ. ಅದೇನು?
— ಒಬ್ಬ ತಾಯಿ

ಉತ್ತರ: ಫೋನ್ ಮಾಡಬೇಡಿ ಅಮ್ಮಾ. ಮಾಡಿದರೂ ಅವರು ಬಾಯಿ ಬಿಡುವುದಿಲ್ಲ. ವಿದ್ಯಾರ್ಥಿಯ ಒಪ್ಪಿಗೆ ಇಲ್ಲದೆ ದಾಖಲೆಗಳನ್ನು ಸಾಮಾನ್ಯವಾಗಿ ಹೊರಗೆ ಕೊಡುವಂತಿಲ್ಲ ಎಂದು ಅಲ್ಲಿ 1974ರಿಂದಲೇ ಕಾನೂನಿದೆ. ಅದಿರಲಿ, ನೀವು ವಿಚಾರಿಸಿದ್ದು ಮಗಳಿಗೆ ಗೊತ್ತಾದರೆ ಮುಂದಿನ ಸಲ ನಿಮ್ಮ ಹತ್ತಿರ ಏನೂ ಹೇಳುವುದಿಲ್ಲ.

ಇನ್ನು ತಲೆ ಕೆಡಿಸುವ ವಿಷಯ. ಅಂಥದ್ದೇ ಒಂದು ಸೆಂಟರಿನ ಮುಂದಿನ ಮೇಜಿನಲ್ಲಿ ನಾನು ಎರಡು ವರ್ಷ ಕೂತಿದ್ದೇನೆ, ವಾರಕ್ಕೆ 10 ಗಂಟೆ. ಯಾರ ತಲೆ ಕೆಡಿಸುವುದಕ್ಕೂ ಪುರುಸೊತ್ತಿರಲಿಲ್ಲ. ಕಾಫಿ ಮುಗಿದಿದೆ, ಚಾರ್ಜರ್ ಎಲ್ಲಿ, ಪ್ರಿಂಟರ್ ಕೆಟ್ಟಿದೆ, ಇದೇ ಗೋಳು. ಒಂದು ಹಳೇ ಸೋಫಾ, ಎರಡು ಕಪಾಟು ಪುಸ್ತಕ, ಹಾಜರಿಯಲ್ಲಿ ಹೆಸರು ಬದಲಿಸುವ ಫಾರ್ಮು, ಈ ವಿಷಯ ತಿಳಿದ ಕೌನ್ಸೆಲರುಗಳ ಪಟ್ಟಿ. ಮನೆಯವರು ದುಡ್ಡು ನಿಲ್ಲಿಸಿದ ಮಕ್ಕಳು ಬಂದರೆ, ತುರ್ತು ಸಹಾಯಕ್ಕೆ ಎಲ್ಲಿ ಅರ್ಜಿ ಹಾಕಬೇಕು ಎಂದು ಹೇಳಿಕೊಡುತ್ತಿದ್ದೆವು. ಅಂಥವರು ನಾನು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಬರುತ್ತಿದ್ದರು.

ನಾನೂ ಮೊದಲು ಹೋಗಿದ್ದು ಪ್ರಿಂಟರ್ ನೆಪದಲ್ಲೇ. ಮೂರು ದಿನ ಸುಮ್ನೆ ಬೇಡದ ಕಾಗದಗಳನ್ನು ಪ್ರಿಂಟ್ ಮಾಡಿಕೊಂಡು ಬಂದೆ. ನಾಲ್ಕನೇ ದಿನ ಕೂತೆ. ಯಾರೂ ಏನೂ ಕೇಳಲಿಲ್ಲ. ಬೇರೆ ಕಡೆ, ಭಾನುವಾರ ಯಾರ ಜತೆ ಸಿನಿಮಾಕ್ಕೆ ಹೋಗಿದ್ದೆ ಎಂದು ಹೇಳುವುದಕ್ಕೂ ‘ಅವನು’ ಅನ್ನಲಾ ‘ಅವಳು’ ಅನ್ನಲಾ ಎಂದು ಲೆಕ್ಕ ಹಾಕಬೇಕಿತ್ತು. ಕನ್ನಡದಲ್ಲಾದರೆ ‘ಅವರು’ ಅಂದು ಜಾರಿಕೊಳ್ಳಬಹುದು, ಇಂಗ್ಲಿಷಿನಲ್ಲಿ ನನಗೆ ಅದು ಬರುತ್ತಿರಲಿಲ್ಲ. ಆ ಸೋಫಾದ ಮೇಲೆ ಮಾತ್ರ ಈ ಲೆಕ್ಕ ಇರಲಿಲ್ಲ. ನಾನು ಮೊದಲೇ ಹೀಗಿದ್ದೆ, ಆ ಬಾಗಿಲು ಹುಡುಕಿದ್ದು ಆಮೇಲೆ. ನಿಮ್ಮ ಮಗಳದ್ದೂ ಅದೇ ಕ್ರಮ ಇರಬೇಕು.

ಅಲ್ಲಿ ಇಂಥ ಮೊದಲ ಕಚೇರಿ ಶುರುವಾಗಿದ್ದು 1971ರಲ್ಲಿ, ಮಿಷಿಗನ್ ವಿಶ್ವವಿದ್ಯಾಲಯದಲ್ಲಿ. ಜಿಮ್ ಟಾಯ್, ಸಿಂಥಿಯಾ ಗೇರ್ ಇಬ್ಬರೇ, ಅದೂ ಪೂರ್ತಿ ಕೆಲಸವಲ್ಲ. ಈಗ ಎಲ್ಲ ಕಡೆ ಇದೆ ಅಂದುಕೊಳ್ಳಬೇಡಿ. 2024ರಲ್ಲಿ ಜಾರಿಗೆ ಬಂದ ಕಾನೂನುಗಳಿಂದಾಗಿ ಟೆಕ್ಸಸ್, ಯೂಟಾ ರಾಜ್ಯಗಳ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಇಂಥ ಸೆಂಟರುಗಳು ಮುಚ್ಚಿದವು. ನಿಮ್ಮ ಮಗಳದ್ದು ಇನ್ನೂ ತೆರೆದಿದೆ, ಅದು ಅವಳ ಅದೃಷ್ಟ.

ಲ್ಯಾವೆಂಡರ್ ಗ್ರಾಜುಯೇಶನ್ ಅಂದರೆ ಬೇರೆ ಡಿಗ್ರಿ ಅಲ್ಲ. ದೊಡ್ಡ ಘಟಿಕೋತ್ಸವದ ಜತೆಗೆ ನಡೆಯುವ ಚಿಕ್ಕ ಸಮಾರಂಭ. ಶುರು ಮಾಡಿದವರು ರಾನಿ ಸ್ಯಾನ್ಲೋ, 1995ರಲ್ಲಿ, ಅದೇ ಮಿಷಿಗನ್ನಿನಲ್ಲಿ. ಲೆಸ್ಬಿಯನ್ ಎಂಬ ಕಾರಣಕ್ಕೆ ಸ್ವಂತ ಮಕ್ಕಳ ಪದವಿ ಸಮಾರಂಭಕ್ಕೇ ಅವರನ್ನು ಬರಗೊಡಲಿಲ್ಲವಂತೆ. ಮೊದಲ ವರ್ಷ ಇದ್ದದ್ದು ಮೂರೇ ವಿದ್ಯಾರ್ಥಿಗಳು.

ನನ್ನ ಸಮಾರಂಭದಲ್ಲಿ, ಯಾರಿಗೆ ಯಾರು ಬೇಕೋ ಅವರ ಕೈಯಲ್ಲಿ ಕೊರಳಿಗೆ ಬಣ್ಣದ ದಾರ ಹಾಕಿಸಿಕೊಳ್ಳಬಹುದಿತ್ತು. ಕೆಲವರಿಗೆ ಅಪ್ಪ ಅಮ್ಮ ಹಾಕಿದರು. ನನಗೆ ಲೈಬ್ರರಿಯ ಮೇಡಂ ಹಾಕಿದರು. ಮನೆಯವರನ್ನು ಕರೆಯುವ ಧೈರ್ಯ ನನಗೆ ಬಂದಿರಲಿಲ್ಲ. ನಿಮ್ಮ ಮಗಳು ಕರೆದಿದ್ದಾಳೆ ಅಲ್ವಾ!

ವಿಸಿಟರ್ ವೀಸಾದ ಅಪಾಯಿಂಟ್‌ಮೆಂಟ್‌ಗೆ ತಿಂಗಳುಗಟ್ಟಲೆ ಕಾಯಬೇಕಾಗಬಹುದು. ಫಾರ್ಮ್ ಈ ವಾರವೇ ತುಂಬಿ.