ಯುದ್ಧಕ್ಕೆ ಹೋಗುವ ನಿರ್ಧಾರದಲ್ಲಿ ಸಲಹೆಗಾರರ ಕೈವಾಡ ಎಷ್ಟು?

ನಾಯಕ ಯುದ್ಧಕ್ಕೆ ಹೊರಡುವುದು ಸಲಹೆಗಾರರ ಮಾತು ಕೇಳಿಯೇ, ಅಥವಾ ಅವರೆಲ್ಲ ಹೂಂಗುಟ್ಟುವವರಷ್ಟೇ ಎಂದು ಕೇಳಿದ್ದೀರಿ. ಕೊನೆಯ ಮಾತು ನಾಯಕನದ್ದೇ. ಆದರೆ ಅವನ ಮೇಜಿಗೆ ಬರುವ ಟಿಪ್ಪಣಿಯಲ್ಲಿ ಯಾವ ಯಾವ ದಾರಿಗಳಿರಬೇಕು ಎಂದು ತೀರ್ಮಾನಿಸುವವರು ಸಲಹೆಗಾರರು. ಅವರ ಬಲವೆಲ್ಲ ಅಲ್ಲಿದೆ ಎಂದು ನನ್ನ ಅಭಿಪ್ರಾಯ. ಕಾಗದಪತ್ರಗಳು ಧಾರಾಳವಾಗಿ ಬಹಿರಂಗವಾಗಿರುವುದರಿಂದ ಅಮೆರಿಕದ ವಿಯೆಟ್ನಾಂ ನಿರ್ಧಾರವನ್ನೇ ತೆಗೆದುಕೊಳ್ಳುತ್ತೇನೆ.

1965ರ ಫೆಬ್ರವರಿ 7ರಂದು ದಕ್ಷಿಣ ವಿಯೆಟ್ನಾಂನ ಪ್ಲೇಕುವಿನಲ್ಲಿದ್ದ ಅಮೆರಿಕನ್ ನೆಲೆಯ ಮೇಲೆ ದಾಳಿಯಾಗಿ ಎಂಟು ಸೈನಿಕರು ಸತ್ತರು. ರಾಷ್ಟ್ರೀಯ ಭದ್ರತಾ ಸಲಹೆಗಾರ ಮೆಕ್‌ಜಾರ್ಜ್ ಬಂಡಿ ಆಗ ವಿಯೆಟ್ನಾಂನಲ್ಲೇ ಇದ್ದರು. ಅಧ್ಯಕ್ಷ ಲಿಂಡನ್ ಜಾನ್ಸನ್‌ಗೆ ಅಂದೇ ಬರೆದ ಟಿಪ್ಪಣಿಯಲ್ಲಿ, ಉತ್ತರ ವಿಯೆಟ್ನಾಂ ಮೇಲೆ ಬಿಡದೆ ಬಾಂಬ್ ಹಾಕುತ್ತಾ ಹೋಗಬೇಕು ಎಂದರು. ಆ ಟಿಪ್ಪಣಿಯನ್ನು ನಿಧಾನವಾಗಿ ಓದಬೇಕು. ಇದು ಫಲ ಕೊಡುವ ಸಾಧ್ಯತೆ ಶೇ 25ರಿಂದ ಶೇ 75ರ ನಡುವೆ ಎಲ್ಲೋ ಇರಬಹುದು ಎಂದು ಅವರೇ ಬರೆದಿದ್ದಾರೆ. ಫಲ ಕೊಡದಿದ್ದರೂ ಮಾಡಿದ್ದು ಸಾರ್ಥಕ ಎಂದೂ ಸೇರಿಸಿದ್ದಾರೆ. ಹೀಗೆ ಬರೆದ ಸಲಹೆ ಎಂದೂ ತಪ್ಪಾಗುವುದಿಲ್ಲ. ಎಲ್ಲಿಗೆ ಬಂದರೆ ನಿಲ್ಲಿಸಬೇಕು ಎಂಬ ಗೆರೆಯೇ ಅದರಲ್ಲಿಲ್ಲವಲ್ಲ.

ಮಾರ್ಚ್ 2ರಂದು ಈ ಸತತ ಬಾಂಬ್ ದಾಳಿ ಶುರುವಾಯಿತು. ವಿಮಾನಗಳಿಗೆ ನೆಲೆ ಬೇಕು, ನೆಲೆಗೆ ಕಾವಲು ಬೇಕು. ಮಾರ್ಚ್ 8ರಂದು ಡಾ ನಾಂಗ್‌ನಲ್ಲಿ 3,500 ಮರೀನ್ ಸೈನಿಕರು ಇಳಿದರು. ಜೂನ್ ಹೊತ್ತಿಗೆ ಅಲ್ಲಿನ ಅಮೆರಿಕನ್ ಪಡೆಗಳ ದಂಡನಾಯಕ ಜನರಲ್ ವೆಸ್ಟ್‌ಮೋರ್‌ಲ್ಯಾಂಡ್ 44 ಬೆಟಾಲಿಯನ್ ಬೇಕೆಂದರು. ಒಂದಕ್ಕೆ ಹೂಂ ಎಂದ ಮೇಲೆ ಮುಂದಿನದಕ್ಕೆ ಬೇಡ ಎನ್ನುವುದು ಎಷ್ಟು ಕಷ್ಟ ನೋಡಿ.

ಜುಲೈ 20ರಂದು ರಕ್ಷಣಾ ಕಾರ್ಯದರ್ಶಿ ಮೆಕ್‌ನಮಾರ ಮೂರು ದಾರಿ ಮುಂದಿಟ್ಟರು. ನಷ್ಟ ಒಪ್ಪಿಕೊಂಡು ಹಿಂದೆ ಬರುವುದು. ಸುಮಾರು 75 ಸಾವಿರ ಸೈನಿಕರೊಂದಿಗೆ ಇದ್ದಂತೆಯೇ ಇರುವುದು. ಬೇಗನೆ ಪಡೆ ಹೆಚ್ಚಿಸುವುದು. ಮೊದಲನೆಯದರ ಪಕ್ಕದಲ್ಲಿ ಅವಮಾನ ಎಂದು ಬರೆದಾಗಿತ್ತು. ಎರಡನೆಯದನ್ನು ಹಿಡಿದರೆ ಮುಂದೊಂದು ದಿನ ಇದೇ ಸಂಕಟಕ್ಕೆ ತಡವಾಗಿ ಸಿಕ್ಕಿಬೀಳುತ್ತೇವೆ ಎಂದಿತ್ತು. ಉಳಿದದ್ದು ಮೂರನೆಯದು. ಬೇಕಾದ ದಾರಿಯ ಅಕ್ಕಪಕ್ಕ ಕಾಲಿಡಲಾಗದ ಎರಡು ದಾರಿ ತೋರಿಸುವುದು ಆಡಳಿತದಲ್ಲಿ ಹಳೆಯ ಅಭ್ಯಾಸ. ಯಾವ ದೇಶದ ಕಡತದಲ್ಲೂ ಕಾಣುತ್ತದೆ.

ಹಾಗೆಂದು ಜಾನ್ಸನ್ ಸಲಹೆಗಾರರ ಕೈಗೊಂಬೆಯಾಗಿರಲಿಲ್ಲ. ಮೀಸಲು ಪಡೆಯನ್ನೂ ಕರೆಸಿಕೊಳ್ಳಿ ಎಂದು ಮೆಕ್‌ನಮಾರ ಹೇಳಿದ್ದನ್ನು ಅವರು ಒಪ್ಪಲಿಲ್ಲ. ಕರೆಸಿದ್ದರೆ ಸಂಸತ್ತಿನಲ್ಲಿ ದೊಡ್ಡ ಚರ್ಚೆಯಾಗಿ, ತಮ್ಮ ಸಮಾಜ ಕಲ್ಯಾಣದ ಮಸೂದೆಗಳು ನೆನೆಗುದಿಗೆ ಬೀಳುತ್ತವೆ ಎಂಬ ಭಯ ಅವರಿಗಿತ್ತು. ಜುಲೈ 28ರಂದು ಪಡೆಯನ್ನು 1.25 ಲಕ್ಷಕ್ಕೆ ಏರಿಸುವುದಾಗಿ ಘೋಷಿಸಿದರು. ಎರಡೇ ದಿನ ಬಿಟ್ಟು, ವೃದ್ಧರ ವೈದ್ಯಕೀಯ ವಿಮೆಯ ಮೆಡಿಕೇರ್ ಕಾಯ್ದೆಗೆ ಸಹಿ ಹಾಕಿದರು. ಈ ಲೆಕ್ಕಾಚಾರ ಯಾವ ಸಲಹೆಗಾರನದ್ದೂ ಅಲ್ಲ, ಅವರದ್ದೇ.

ಬೇಡ ಎಂದವರೂ ಇದ್ದರು. ವಿದೇಶಾಂಗ ಇಲಾಖೆಯ ಜಾರ್ಜ್ ಬಾಲ್ ಈ ಯುದ್ಧ ಗೆಲ್ಲಲಾಗದು ಎಂದು ಲಿಖಿತವಾಗಿಯೇ ಹೇಳಿದರು. ಬಾಲ್ ಮಾತನ್ನು ಜಾನ್ಸನ್ ಕೇಳಿಸಿಕೊಂಡರು, ಕೇಳಿ ಪಕ್ಕಕ್ಕಿಟ್ಟರು. ಉಪಾಧ್ಯಕ್ಷ ಹ್ಯೂಬರ್ಟ್ ಹಂಫ್ರಿ ಫೆಬ್ರವರಿಯಲ್ಲಿ ಎಚ್ಚರಿಸಿ ಪತ್ರ ಬರೆದದ್ದಕ್ಕೆ ವಿಯೆಟ್ನಾಂ ಸಭೆಗಳಿಂದಲೇ ಹೊರಗುಳಿಯಬೇಕಾಯಿತು. ಟಿಪ್ಪಣಿ ಸಲಹೆಗಾರರ ಕೈಯಲ್ಲಿದ್ದರೆ, ಬಾಗಿಲಿನ ಚಿಲಕ ನಾಯಕನ ಕೈಯಲ್ಲಿರುತ್ತದೆ. ಒಬ್ಬರು ಹೊರಬಿದ್ದದ್ದನ್ನು ಕಂಡ ಉಳಿದವರು ಏನು ಬರೆಯಬೇಕೆಂಬುದನ್ನು ತಾವಾಗಿಯೇ ಕಲಿಯುತ್ತಾರೆ.

ಇದಕ್ಕೂ ಮೂರು ವರ್ಷ ಹಿಂದೆ ಆಗಿನ ಅಧ್ಯಕ್ಷ ಕೆನಡಿ ಬೇರೆ ರೀತಿ ನಡೆದುಕೊಂಡಿದ್ದರು. ಕ್ಯೂಬಾದಲ್ಲಿ ಸೋವಿಯತ್ ಕ್ಷಿಪಣಿಗಳಿವೆ ಎಂದು 1962ರ ಅಕ್ಟೋಬರ್ 16ರಂದು ಗೊತ್ತಾದಾಗ ಮೊದಲ ದಿನದ ಒಲವು ವಾಯುದಾಳಿಯ ಕಡೆಗೇ ಇತ್ತು. ಅಂದೇ ನಿರ್ಧರಿಸಿದ್ದರೆ ಏನಾಗುತ್ತಿತ್ತೋ. ಅವರು ಆರು ದಿನ ತೆಗೆದುಕೊಂಡರು. ಎದುರಿಗಿದ್ದರೆ ಜನ ಬಾಯಿ ಬಿಡುವುದಿಲ್ಲವೆಂದು ಕೆಲವು ಸಭೆಗಳಿಗೆ ಹೋಗಲೇ ಇಲ್ಲ. ದಾಳಿ ನಡೆಸಬೇಕಾದ ವಾಯುಪಡೆಯ ಅಧಿಕಾರಿಯನ್ನೇ ಕರೆಸಿ, ಎಲ್ಲ ಕ್ಷಿಪಣಿಗಳೂ ನಾಶವಾಗುತ್ತವೆಯೇ ಎಂದು ಕೇಳಿದರು. ಖಾತರಿ ಕೊಡಲಾಗದು ಎಂಬ ಉತ್ತರ ಬಂತು. 22ರಂದು ಘೋಷಿಸಿದ್ದು ನೌಕಾ ದಿಗ್ಬಂಧನವನ್ನು.

ಪಾಕಿಸ್ತಾನದೊಂದಿಗಿನ ನಮ್ಮ 1971ರ ಯುದ್ಧದ ವಿಷಯಕ್ಕೆ ಬಂದರೆ, ಏಪ್ರಿಲ್‌ನಲ್ಲೇ ಯುದ್ಧಕ್ಕೆ ಹೊರಟಿದ್ದ ಪ್ರಧಾನಿ ಇಂದಿರಾ ಗಾಂಧಿಯವರನ್ನು ಸೇನಾ ಮುಖ್ಯಸ್ಥ ಮಾನೆಕ್‌ಷಾ ತಡೆದರು ಎಂಬ ಕಥೆ ಬಹಳ ಪ್ರಸಿದ್ಧ. ಅದು ಮಾನೆಕ್‌ಷಾ ಅವರೇ ಹೇಳಿಕೊಂಡದ್ದು. ಇತಿಹಾಸಕಾರರಲ್ಲಿ ಎಲ್ಲರೂ ಅದನ್ನು ಒಪ್ಪಿಲ್ಲ. ಆತುರ ಬೇಡ ಎಂದು ಇಂದಿರಾ ಅವರ ಆಪ್ತ ಸಲಹೆಗಾರ ಪಿ.ಎನ್. ಹಕ್ಸರ್ ಕೂಡ ಹೇಳುತ್ತಿದ್ದರು. ಮಳೆಗಾಲ ಕಳೆಯಬೇಕು, ಚೀನಾ ಕಡೆಯ ಕಣಿವೆಗಳು ಹಿಮದಿಂದ ಮುಚ್ಚಬೇಕು ಎಂಬ ಸೇನೆಯ ಲೆಕ್ಕವೂ ಸೋವಿಯತ್ ಬೆಂಬಲ ಗಟ್ಟಿಯಾಗಬೇಕು ಎಂಬ ರಾಜತಂತ್ರದ ಲೆಕ್ಕವೂ ಒಂದೇ ಕಡೆಗೆ ಬೊಟ್ಟು ಮಾಡಿದವು. ಆಗಸ್ಟ್ 9ರಂದು ಸೋವಿಯತ್ ಒಪ್ಪಂದ, ಡಿಸೆಂಬರ್ 3ರಂದು ಯುದ್ಧ. ಇಲ್ಲಿ ಸಲಹೆಗಾರರ ಪ್ರಭಾವ ಎದ್ದು ಕಾಣುವುದು ಯಾವಾಗ ಎಂಬುದರಲ್ಲಿ.

ಮತ್ತೆ ವಿಯೆಟ್ನಾಂಗೆ. 1968ರ ಮಾರ್ಚ್‌ನಲ್ಲಿ ರಕ್ಷಣಾ ಕಾರ್ಯದರ್ಶಿಯಾಗಿ ಬಂದ ಕ್ಲಾರ್ಕ್ ಕ್ಲಿಫರ್ಡ್ ಎದುರಿಗಿದ್ದದ್ದು ಇನ್ನೂ 2,06,000 ಸೈನಿಕರ ಬೇಡಿಕೆ. ಅವರು ಸೇನಾ ಮುಖ್ಯಸ್ಥರನ್ನು ಕೂರಿಸಿಕೊಂಡು ಕೇಳಿದರು: ಇಷ್ಟು ಸಾಕೇ? ಸಾಲದಿದ್ದರೆ ಇನ್ನೆಷ್ಟು? ಎಷ್ಟು ಕಾಲ? ಗೆಲ್ಲುವ ಯೋಜನೆ ಏನು? ಯಾವುದಕ್ಕೂ ನೇರ ಉತ್ತರ ಸಿಗಲಿಲ್ಲ. ಮಾರ್ಚ್ 31ರಂದು ಜಾನ್ಸನ್ ಬಾಂಬ್ ದಾಳಿಯನ್ನು ಬಹುಪಾಲು ನಿಲ್ಲಿಸಿ, ಮತ್ತೆ ಚುನಾವಣೆಗೆ ನಿಲ್ಲುವುದಿಲ್ಲ ಎಂದರು. ಒಳಗೆ ಹೋಗಲು ಕೆಲವು ತಿಂಗಳ ಟಿಪ್ಪಣಿಗಳು ಸಾಕಾಗಿದ್ದವು. ಅಮೆರಿಕದ ಕೊನೆಯ ಪಡೆಗಳು ಹೊರಬಂದದ್ದು 1973ರ ಮಾರ್ಚ್‌ನಲ್ಲಿ.