ಓದುಗರ ಪ್ರಶ್ನೆ: ನಮ್ಮ ಬಡಾವಣೆಯ ಒಲವು ಯಾವ ಕಡೆಗೆ?

ಪ್ರಶ್ನೆ: ನಮ್ಮ ಬಡಾವಣೆ ಒಂದೇ ಪಕ್ಷದ ಭದ್ರಕೋಟೆಯೆಂದು ಎಲ್ಲರೂ ಹೇಳುತ್ತಾರೆ. ಆದರೆ ಲೋಕಸಭೆಗೆ ಆ ಪಕ್ಷಕ್ಕೆ ಮತ ಹಾಕಿದ ನೆರೆಹೊರೆಯವರೇ ಪಾಲಿಕೆ ಚುನಾವಣೆಯಲ್ಲಿ ಬೇರೊಬ್ಬ ಅಭ್ಯರ್ಥಿಯ ಪರವಾಗಿ ಓಡಾಡಿದ್ದನ್ನು ಕಂಡಿದ್ದೇನೆ. ಇದನ್ನು ಚಂಚಲತೆ ಎನ್ನಬೇಕೇ?
– ನಿವೃತ್ತ ನೌಕರರು, ನವನಗರ, ಹುಬ್ಬಳ್ಳಿ

ಉತ್ತರ: ಖಂಡಿತ ಅಲ್ಲ. ಕರ್ನಾಟಕದ ಮತದಾರರು ಈ ವಿವೇಚನೆಯನ್ನು ಬಹಳ ಹಿಂದೆಯೇ ತೋರಿಸಿದ್ದಾರೆ. 1984ರ ಡಿಸೆಂಬರ್‌ನಲ್ಲಿ ರಾಜ್ಯದ 28 ಲೋಕಸಭಾ ಸ್ಥಾನಗಳ ಪೈಕಿ 24ನ್ನು ಕಾಂಗ್ರೆಸ್ಸಿಗೆ ಕೊಟ್ಟ ಜನರು, ಕೆಲವೇ ತಿಂಗಳುಗಳ ನಂತರ, 1985ರ ಮಾರ್ಚ್‌ನಲ್ಲಿ, ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷಕ್ಕೆ ವಿಧಾನಸಭೆಯ 224ರಲ್ಲಿ 139 ಸ್ಥಾನಗಳನ್ನು ಕೊಟ್ಟರು. 2023ರಲ್ಲಿ ವಿಧಾನಸಭೆಯಲ್ಲಿ 135 ಸ್ಥಾನ ಗೆದ್ದ ಕಾಂಗ್ರೆಸ್ಸಿಗೆ ಮರುವರ್ಷದ ಲೋಕಸಭಾ ಚುನಾವಣೆಯಲ್ಲಿ ದೊರೆತದ್ದು 9 ಮಾತ್ರ. ದಿಲ್ಲಿಗೆ ಕಳಿಸುವವರನ್ನೂ ಬೆಂಗಳೂರಿಗೆ ಕಳಿಸುವವರನ್ನೂ ಬೇರೆ ಬೇರೆ ತಕ್ಕಡಿಯಲ್ಲಿ ತೂಗುವ ಮತದಾರರು ನೀರು, ಗಟಾರು, ಬೀದಿದೀಪಗಳ ಹೊಣೆ ಹೊರುವ ಪಾಲಿಕೆ ಸದಸ್ಯರಿಗೆ ಮೂರನೆಯ ತಕ್ಕಡಿಯನ್ನು ಇಟ್ಟುಕೊಂಡಿದ್ದರೆ ಅದರಲ್ಲಿ ಆಶ್ಚರ್ಯವೇನಿಲ್ಲ.

ಭದ್ರಕೋಟೆಯೆಂಬ ಮಾತನ್ನು ನಮ್ಮ ಅವಳಿ ನಗರದ ಅಂಕಿ-ಅಂಶಗಳೂ ಪೂರ್ತಿಯಾಗಿ ಸಮರ್ಥಿಸುವುದಿಲ್ಲ. ಧಾರವಾಡ ಲೋಕಸಭಾ ಕ್ಷೇತ್ರದಲ್ಲಿ ಬಿಜೆಪಿ ಸತತವಾಗಿ ಗೆಲ್ಲುತ್ತ ಬಂದಿರುವುದು ನಿಜ. ಆದರೆ 2019ರಲ್ಲಿ ಎರಡು ಲಕ್ಷ ದಾಟಿದ್ದ ಗೆಲುವಿನ ಅಂತರ 2024ರಲ್ಲಿ ಒಂದು ಲಕ್ಷಕ್ಕಿಂತ ಕೆಳಗಿಳಿಯಿತು. 2021ರ ಸೆಪ್ಟೆಂಬರ್‌ನಲ್ಲಿ ನಡೆದ ಮಹಾನಗರ ಪಾಲಿಕೆ ಚುನಾವಣೆಯಲ್ಲಿ 82 ವಾರ್ಡ್‌ಗಳ ಪೈಕಿ ಬಿಜೆಪಿ 39, ಕಾಂಗ್ರೆಸ್‌ 33, ಎಐಎಂಐಎಂ 3, ಜೆಡಿಎಸ್‌ 1 ಮತ್ತು ಪಕ್ಷೇತರರು 6 ಸ್ಥಾನಗಳನ್ನು ಗೆದ್ದರು. ಅಂದರೆ ಲೋಕಸಭೆಯಲ್ಲಿ ಅಷ್ಟು ಮುಂದಿದ್ದ ಪಕ್ಷಕ್ಕೆ ವಾರ್ಡ್‌ಗಳ ಲೆಕ್ಕದಲ್ಲಿ ಸ್ಪಷ್ಟ ಬಹುಮತ ಬರಲಿಲ್ಲ. ಆರು ಮಂದಿ ಪಕ್ಷೇತರರ ಗೆಲುವನ್ನು ನಾನು ವಿಶೇಷವಾಗಿ ಗಮನಿಸುತ್ತೇನೆ, ಏಕೆಂದರೆ ಚಿಹ್ನೆಯ ಬಲವಿಲ್ಲದೆ ಗೆಲ್ಲಬೇಕಾದರೆ ಓಣಿಯ ಪರಿಚಯವೊಂದೇ ಆಸರೆ.

ವ್ಯಕ್ತಿಯೋ ಪಕ್ಷವೋ ಎಂಬ ಪ್ರಶ್ನೆಗೂ ನಮ್ಮಲ್ಲಿ ಒಂದೇ ಉತ್ತರವಿಲ್ಲ. 1994ರಿಂದ 2018ರವರೆಗೆ ಬಿಜೆಪಿಯಿಂದ ಆರು ಬಾರಿ ಸತತವಾಗಿ ಗೆದ್ದಿದ್ದ ಜಗದೀಶ ಶೆಟ್ಟರ್‌ ಅವರು 2023ರಲ್ಲಿ ಕಾಂಗ್ರೆಸ್ಸಿನಿಂದ ಹುಬ್ಬಳ್ಳಿ-ಧಾರವಾಡ ಸೆಂಟ್ರಲ್‌ ಕ್ಷೇತ್ರದಲ್ಲಿ ನಿಂತಾಗ ಮೂವತ್ತು ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. ಅದಕ್ಕೆ ತೀರ ವಿರುದ್ಧವಾದ ಉದಾಹರಣೆ ಬಸವರಾಜ ಹೊರಟ್ಟಿಯವರದು: ಶಿಕ್ಷಕರಷ್ಟೇ ಮತ ಹಾಕುವ, ವಿಧಾನ ಪರಿಷತ್ತಿನ ಪಶ್ಚಿಮ ಶಿಕ್ಷಕರ ಕ್ಷೇತ್ರದಿಂದ 1980ರಿಂದಲೂ ಗೆಲ್ಲುತ್ತ ಬಂದ ಅವರು 2022ರಲ್ಲಿ ಬಿಜೆಪಿಗೆ ಬಂದು ಎಂಟನೆಯ ಬಾರಿಯೂ ಗೆದ್ದರು. ಶಿಕ್ಷಕರ ಕ್ಷೇತ್ರದಲ್ಲಿ ಮತದಾರರು ಕಡಿಮೆ, ಪರಿಚಯ ನೇರ. ವಿಧಾನಸಭೆಯಲ್ಲಿ ಅಷ್ಟು ಜನರನ್ನು ತಲುಪಲು ಚಿಹ್ನೆಯೇ ಬೇಕಾಗುತ್ತದೆ. ಈ ಎರಡು ಫಲಿತಾಂಶಗಳ ನಡುವಿನ ವ್ಯತ್ಯಾಸಕ್ಕೆ ಮುಖ್ಯ ಕಾರಣ ಇದೇ ಎಂಬುದು ನನ್ನ ಅಭಿಪ್ರಾಯ.

ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಮತ ಹಾಕದವರ ವಿಷಯ. 2024ರ ಲೋಕಸಭಾ ಚುನಾವಣೆಯಲ್ಲಿ ಧಾರವಾಡ ಕ್ಷೇತ್ರದಲ್ಲಿ ಶೇ 74ರಷ್ಟು ಮತದಾನವಾಗಿತ್ತು. 2021ರ ಪಾಲಿಕೆ ಚುನಾವಣೆಯಲ್ಲಿ ಅದು ಶೇ 54ರ ಆಸುಪಾಸಿನಲ್ಲಿತ್ತು. ಲೋಕಸಭಾ ಕ್ಷೇತ್ರದಲ್ಲಿ ಹಳ್ಳಿಗಳೂ ಸೇರಿರುವುದರಿಂದ ಈ ಎರಡನ್ನೂ ನೇರವಾಗಿ ಹೋಲಿಸಲಾಗದಿದ್ದರೂ, ಪಾಲಿಕೆಯ ಮಟ್ಟಿಗೆ ಹೆಚ್ಚುಕಡಿಮೆ ಅರ್ಧದಷ್ಟು ಮತದಾರರು ಮನೆಯಲ್ಲೇ ಉಳಿದರೆಂಬುದು ಸ್ಪಷ್ಟ. ಬಡಾವಣೆಯ ಒಲವು ಎಂದು ನಾವು ಕರೆಯುವುದು ಬೂತಿಗೆ ಬಂದವರ ಒಲವನ್ನು ಮಾತ್ರ.

ಪ್ರಶ್ನೆ: ಮತದಾನ ಗುಟ್ಟಾಗಿರುವಾಗ, ‘ನಿಮ್ಮ ಬೂತಿನಲ್ಲಿ ನಮಗೆ ಮತ ಬಿದ್ದಿಲ್ಲ’ ಎಂದು ಕಾರ್ಯಕರ್ತರು ಹೇಳುವುದು ಹೇಗೆ ಸಾಧ್ಯ?
– ಓದುಗರು, ಗೋಕುಲ ರಸ್ತೆ, ಹುಬ್ಬಳ್ಳಿ

ಉತ್ತರ: ನೀವು ಯಾರಿಗೆ ಮತ ಹಾಕಿದಿರಿ ಎಂಬುದು ಯಾರಿಗೂ ತಿಳಿಯುವುದಿಲ್ಲ; ಆದರೆ ನಿಮ್ಮ ಮತಗಟ್ಟೆಯಲ್ಲಿ ಒಟ್ಟಾರೆ ಯಾರಿಗೆಷ್ಟು ಬಂತೆಂಬುದು ತಿಳಿಯುತ್ತದೆ. ಮತಯಂತ್ರಗಳನ್ನು ಒಂದೊಂದಾಗಿ ಎಣಿಸುವುದರಿಂದ ಲೋಕಸಭೆ ಮತ್ತು ವಿಧಾನಸಭೆ ಚುನಾವಣೆಗಳಲ್ಲಿ ಪ್ರತಿ ಮತಗಟ್ಟೆಯ ಲೆಕ್ಕವೂ ನಮೂನೆ 20ರಲ್ಲಿ ದಾಖಲಾಗಿ ಸಾರ್ವಜನಿಕವಾಗುತ್ತದೆ. ಒಂದು ಮತಗಟ್ಟೆಯಲ್ಲಿ ಹೆಚ್ಚೆಂದರೆ ಸಾವಿರ-ಸಾವಿರದೈನೂರು ಮತದಾರರಿರುವುದರಿಂದ ನಾಲ್ಕೈದು ಅಡ್ಡರಸ್ತೆಗಳ ಒಲವು ಬಯಲಾದಂತೆಯೇ. ಮತಪತ್ರಗಳ ಕಾಲದಲ್ಲಿ ಹಲವು ಪೆಟ್ಟಿಗೆಗಳ ಮತಗಳನ್ನು ಬೆರೆಸಿ ಎಣಿಸಲು ನಿಯಮದಲ್ಲಿ ಅವಕಾಶವಿತ್ತು. ಯಂತ್ರಗಳಲ್ಲೂ ಅದನ್ನು ಸಾಧಿಸಲು ‘ಟೋಟಲೈಸರ್‌’ ಎಂಬ ಸಾಧನವನ್ನು ಬಳಸಬೇಕೆಂದು ಚುನಾವಣಾ ಆಯೋಗ 2008ರಲ್ಲಿ ಸೂಚಿಸಿತು. 2015ರಲ್ಲಿ ಕಾನೂನು ಆಯೋಗವೂ ತನ್ನ 255ನೇ ವರದಿಯಲ್ಲಿ ಅದನ್ನೇ ಶಿಫಾರಸು ಮಾಡಿತು. ಕೇಂದ್ರ ಸರ್ಕಾರ ಒಪ್ಪಲಿಲ್ಲ. ಮತ ಬಾರದ ಓಣಿಗೆ ರಸ್ತೆಯೂ ಬಾರದೆಂಬ ಹೆದರಿಕೆಯಲ್ಲಿ ಯಾರೂ ಬದುಕಬಾರದು. ಆದ್ದರಿಂದ ಈ ಸುಧಾರಣೆ ಬೇಗ ಜಾರಿಯಾಗಬೇಕೆಂದು ನಾನು ಬಲವಾಗಿ ನಂಬುತ್ತೇನೆ. ಅಲ್ಲಿಯವರೆಗೆ ಯಾರಾದರೂ ಹಾಗೆ ಬೆದರಿಸಿದರೆ ಅವರ ಮಾತನ್ನು ಬರೆದಿಟ್ಟುಕೊಂಡು ಚುನಾವಣಾಧಿಕಾರಿಗೆ ಲಿಖಿತವಾಗಿ ದೂರು ಕೊಡಿ.

ಪ್ರಶ್ನೆ: ನಾವು ನವಲಗುಂದ ತಾಲ್ಲೂಕಿನವರು. ಮನೆ ಧಾರವಾಡದ ಸಪ್ತಾಪುರದಲ್ಲಿದ್ದರೂ ಮತ ಊರಿನಲ್ಲೇ ಇದೆ. ಬದಲಾಯಿಸಬೇಕೇ?
– ಗೃಹಿಣಿ, ಧಾರವಾಡ

ಉತ್ತರ: ಕಾನೂನಿನ ಪ್ರಕಾರ ನೀವು ವಾಸವಿರುವಲ್ಲೇ ನಿಮ್ಮ ಹೆಸರಿರಬೇಕು, ಎರಡು ಕಡೆ ಇರಕೂಡದು. ಊರಿನ ಪಂಚಾಯ್ತಿ ಚುನಾವಣೆಯ ಮೇಲಿನ ಅಭಿಮಾನ ನನಗೆ ಅರ್ಥವಾಗುತ್ತದೆ. ಆದರೆ ಹೀಗೆ ಹೊರಗುಳಿದವರ ನಲ್ಲಿಯ ನೀರಿನ ದೂರು ಇಲ್ಲಿಯ ಅಭ್ಯರ್ಥಿಗಳಿಗೆ ಮುಖ್ಯವೆನಿಸುವುದಿಲ್ಲ. ನಮೂನೆ 8ನ್ನು ಭರ್ತಿ ಮಾಡಿ, ವಿಳಾಸದ ದಾಖಲೆಯೊಂದಿಗೆ ಬೂತ್‌ ಮಟ್ಟದ ಅಧಿಕಾರಿಗೆ ಕೊಡಿ ಅಥವಾ ಆನ್‌ಲೈನ್‌ನಲ್ಲಿ ಸಲ್ಲಿಸಿ. ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ರಚಿಸಲು ರಾಜ್ಯ ಸಚಿವ ಸಂಪುಟ 2025ರ ಜನವರಿಯಲ್ಲಿ ಒಪ್ಪಿಗೆ ನೀಡಿದೆ. ವಾರ್ಡ್‌ಗಳ ಮತದಾರರ ಪಟ್ಟಿ ವಿಧಾನಸಭಾ ಕ್ಷೇತ್ರದ ಪಟ್ಟಿಯನ್ನು ಆಧರಿಸಿಯೇ ಸಿದ್ಧವಾಗುವುದರಿಂದ ಈ ಕೆಲಸವನ್ನು ಚುನಾವಣೆ ಘೋಷಣೆಯಾಗುವವರೆಗೆ ಮುಂದೂಡಬೇಡಿ.